ಲೋಳೆಸರದ ಜೆಲ್ ನೀರು ಬಿಡುತ್ತಿದೆ, ಕ್ಯಾರಗೀನಾನ್ ಬಳಸಿದವರು ಯಾರಾದರೂ ಇದ್ದೀರಾ?

ಲೋಳೆಸರ ಹೊಸನಗರ
ಎಲ್ಲರಿಗೂ ನಮಸ್ಕಾರ. ನಮ್ಮ ಸ್ವಸಹಾಯ ಸಂಘದ ಐದು ಜನ ಸೇರಿ ಮುಖಕ್ಕೆ ಹಚ್ಚುವ ಲೋಳೆಸರದ ಜೆಲ್ ಮಾಡಲು ಹೊರಟಿದ್ದೇವೆ. ಮಾರಾಟ ಇನ್ನೂ ಶುರು ಮಾಡಿಲ್ಲ, ಮನೆಯವರೇ ಹಚ್ಚಿ ನೋಡುತ್ತಿದ್ದೇವೆ. ಬರೀ ಲೋಳೆಸರದ ತಿರುಳು ಬಾಟಲಿಯಲ್ಲಿ ನೀರಿನ ತರಹ ಹರಿಯುತ್ತದೆ. ಅದಕ್ಕೆ ಗಟ್ಟಿತನ ಕೊಡಲು ಸಮುದ್ರ ಪಾಚಿಯಿಂದ ತೆಗೆದ ಕ್ಯಾರಗೀನಾನ್ ಪುಡಿ ತರಿಸಿದೆವು.

ಮಾಡಿದ್ದು ಹೀಗೆ. ಎಲೆ ಕೊಯ್ದು ರಾತ್ರಿಯಿಡೀ ಬಕೆಟ್‌ನಲ್ಲಿ ನಿಲ್ಲಿಸಿ ಹಳದಿ ಹಾಲು ಇಳಿಸಿದೆವು. ಬೆಳಿಗ್ಗೆ ಸಿಪ್ಪೆ ತೆಗೆದು, ತಿರುಳನ್ನು ಮಿಕ್ಸಿಗೆ ಹಾಕಿ ಸೋಸಿದೆವು. ಒಂದು ಕೆಜಿ ರಸಕ್ಕೆ 15 ಗ್ರಾಂ ಪುಡಿ, 50 ಗ್ರಾಂ ಗ್ಲಿಸರಿನ್, ಕೆಡದಿರಲು 2 ಗ್ರಾಂ ಪೊಟ್ಯಾಸಿಯಂ ಸೋರ್ಬೇಟ್. ಪುಡಿಯನ್ನು ಬಿಸಿ ರಸಕ್ಕೆ ನೇರವಾಗಿ ಉದುರಿಸಿದಾಗ ರವೆ ಗಂಟು ಕಟ್ಟಿದ ಹಾಗೆ ಆಯಿತು. ಹೇಗೋ ಕಡೆದು ಕರಗಿಸಿದೆವು.

ತಣಿದ ಮೇಲೆ ನೋಡಿದರೆ ಹಾಲುಬಾಯಿ ತರಹ ಗಟ್ಟಿ! ಚಾಕು ಹಾಕಿ ಕತ್ತರಿಸಬಹುದಿತ್ತು. ಬೆರಳಲ್ಲಿ ತೆಗೆದರೆ ಪುಡಿಪುಡಿಯಾಗಿ ಒಡೆಯುತ್ತದೆ, ಮುಖಕ್ಕೆ ಹಚ್ಚಲು ಬರುವುದಿಲ್ಲ. ಮೂರನೇ ದಿನಕ್ಕೆ ಮೇಲೆ ಎರಡು ಚಮಚದಷ್ಟು ನೀರು ನಿಂತಿತ್ತು. ಹನ್ನೊಂದನೇ ದಿನ ಮುಚ್ಚಳದ ಒಳಗೆ ಹಸಿರು ಮಿಶ್ರಿತ ಕಪ್ಪು ಚುಕ್ಕೆ. ಮಳೆ ಬಿಡದೆ ಹೊಯ್ಯುತ್ತಿದೆ, ಮನೆಯಲ್ಲಿ ಒಣಗಿಸಿದ ಬಟ್ಟೆಗೇ ಬೂಷ್ಟು ಬರುತ್ತಿದೆ. ಹಾಗಾಗಿ ಬೂಷ್ಟು ಮಳೆಯದೋ ನಮ್ಮ ಅಳತೆಯದೋ ಗೊತ್ತಾಗುತ್ತಿಲ್ಲ.

ಇನ್ನೊಂದು ವಿಚಿತ್ರ. ಅದೇ ಪುಡಿಯನ್ನು ಬರೀ ನೀರಿಗೆ ಹಾಕಿ ನೋಡಿದೆವು. ನಮ್ಮ ಮನೆಗೆ ಗುಡ್ಡದಿಂದ ಇಳಿದು ಬರುವ ಅಬ್ಬಿ ನೀರಿನಲ್ಲಿ ಸ್ವಲ್ಪ ಮೆತ್ತಗೆ ಬಂತು. ಶಿಕಾರಿಪುರದ ಕಡೆ ಇರುವ ನಮ್ಮ ಸದಸ್ಯೆಯೊಬ್ಬರ ಮನೆಯ ಬೋರ್‌ವೆಲ್ ನೀರಿನಲ್ಲಿ ಗಟ್ಟಿಯಾಯಿತು. ಒಂದೇ ಪ್ಯಾಕೆಟ್, ಒಂದೇ ತಕ್ಕಡಿ. ಯಾಕೆ ಹೀಗೆ?

ಸೊರಬ ಅಡುಗೆಮನೆ
ಅಕ್ಕಾ, ಇದು ಚೈನಾ ಗ್ರಾಸ್ ಅಲ್ವಾ? ನಾವು ಪುಡ್ಡಿಂಗ್‌ಗೆ ಹಾಕುವುದು ಅದನ್ನೇ. ಅದೂ ಕತ್ತರಿಸುವ ಹಾಗೆ ಗಟ್ಟಿಯಾಗುತ್ತದೆ.

ಭದ್ರಾವತಿ ಹಳೆ ಕೆಲಸಗಾರ
ಸೊರಬದವರೇ, ಚೈನಾ ಗ್ರಾಸ್ ಅಂದರೆ ಅಗಾರ್. ಅದೂ ಕೆಂಪು ಪಾಚಿಯದ್ದೇ, ಆದರೆ ಬೇರೆ ಜಾತಿ, ಗ್ರಾಸಿಲೇರಿಯಾ ಮತ್ತು ಜೆಲಿಡಿಯಂ. ಕ್ಯಾರಗೀನಾನ್ ಬೇರೆ ವಸ್ತು. ಅಗಾರ್ ಸುಮಾರು 35-40 ಡಿಗ್ರಿಗೆ ಗಟ್ಟಿಯಾಗುತ್ತದೆ, ಮತ್ತೆ ಕರಗಬೇಕಾದರೆ 85 ಡಿಗ್ರಿ ಬೇಕು. ಕ್ಯಾರಗೀನಾನ್ ಗಟ್ಟಿಯಾಗುವುದಕ್ಕೂ ಕರಗುವುದಕ್ಕೂ ಅಷ್ಟು ಅಂತರ ಇಲ್ಲ.

ಹೊಸನಗರದ ಮೇಡಂ, ನಾನು ತಮಿಳುನಾಡಿನ ರಾಮನಾಥಪುರದ ಕಡೆ ಪಾಚಿ ಸಂಸ್ಕರಣೆ ಮಾಡುವ ಘಟಕದಲ್ಲಿ ಹನ್ನೊಂದು ವರ್ಷ ದುಡಿದವನು. ನಿಮ್ಮ ಕತೆ ಓದಿದ ಕೂಡಲೇ ಹೇಳಬೇಕೆನಿಸಿತು. ಸ್ವಲ್ಪ ಉದ್ದ ಆಗುತ್ತದೆ, ಸಮಾಧಾನದಿಂದ ಓದಿ.

ಕ್ಯಾರಗೀನಾನ್ ಅಂದರೆ ಒಂದೇ ವಸ್ತು ಅಲ್ಲ. ಕಪ್ಪಾ, ಅಯೋಟಾ, ಲ್ಯಾಂಬ್ಡಾ ಎಂದು ಮುಖ್ಯವಾಗಿ ಮೂರು ಬಗೆ. ಕಪ್ಪಾಗೆ ಪೊಟ್ಯಾಸಿಯಂ ಸಿಕ್ಕಿದರೆ ಗಟ್ಟಿ, ಗರಿಗರಿಯಾಗಿ ಒಡೆಯುವ ಜೆಲ್. ಅದು ದಿನ ಕಳೆದ ಹಾಗೆ ತಾನೇ ಹಿಂಡಿಕೊಂಡು ನೀರು ಬಿಡುತ್ತದೆ. ಅಯೋಟಾಗೆ ಕ್ಯಾಲ್ಸಿಯಂ ಸಿಕ್ಕಿದರೆ ಮೆತ್ತನೆಯ, ಜಗ್ಗುವ ಜೆಲ್, ನೀರು ಬಿಡುವುದಿಲ್ಲ. ಲ್ಯಾಂಬ್ಡಾ ಜೆಲ್ಲೇ ಆಗುವುದಿಲ್ಲ, ಗಂಜಿಯ ತರಹ ದಪ್ಪ ಮಾತ್ರ.

ನಿಮ್ಮದು ಕಪ್ಪಾ ಎಂದು ನನಗೆ ಅನಿಸುತ್ತದೆ. ನಮ್ಮ ದೇಶದಲ್ಲಿ ಹೆಚ್ಚಾಗಿ ಬೆಳೆಸುವ ಕಪ್ಪಾಫೈಕಸ್ ಪಾಚಿ ಕೊಡುವುದು ಅದನ್ನೇ. ಲೋಳೆಸರದ ರಸದಲ್ಲೇ ಪೊಟ್ಯಾಸಿಯಂ ಜಾಸ್ತಿ. ಅದರ ಮೇಲೆ ನೀವು ಪೊಟ್ಯಾಸಿಯಂ ಸೋರ್ಬೇಟ್ ಹಾಕಿದ್ದೀರಿ. ಅದೂ ನೂರಕ್ಕೆ ಒಂದೂವರೆ ಪಾಲು ಪುಡಿ! ಹಾಲುಬಾಯಿ ಆಗದೆ ಇನ್ನೇನಾಗುತ್ತದೆ?

ನೀರಿನ ವಿಚಾರವೂ ಅದೇ. ಅಬ್ಬಿ ನೀರು ಮೆದು, ಅದರಲ್ಲಿ ಖನಿಜ ಕಡಿಮೆ. ಬೋರ್‌ವೆಲ್ ನೀರು ಗಡಸು, ಕ್ಯಾಲ್ಸಿಯಂ ಜಾಸ್ತಿ. ಕ್ಯಾಲ್ಸಿಯಂ ಇದ್ದರೂ ಕಪ್ಪಾ ಬಿಗಿಯುತ್ತದೆ. ಎರಡೂ ಮನೆಯಲ್ಲಿ ಸೋಪು ಉಜ್ಜಿ ನೋಡಿ. ನೊರೆ ಬೇಗ ಬರುವ ನೀರು ಯಾವುದೆಂದು ಗೊತ್ತಾಗುತ್ತದೆ. ಅಳತೆ ಪಕ್ಕಾ ಆಗಬೇಕಾದರೆ ಡಿಸ್ಟಿಲ್ಡ್ ವಾಟರ್‌ನಲ್ಲೇ ಮಾಡಬೇಕು.

ಲೋಳೆಸರ ಹೊಸನಗರ
ಸರ್, ತುಂಬಾ ಧನ್ಯವಾದ. ಪ್ಯಾಕೆಟ್ ಮೇಲೆ ಕಪ್ಪಾ, ಅಯೋಟಾ ಅಂತ ಏನೂ ಬರೆದಿಲ್ಲ, ಬರೀ ಕ್ಯಾರಗೀನಾನ್ ಅಂತಿದೆ. ಮಾರಿದವರಿಗೆ ಮೂರು ಸಲ ಫೋನ್ ಮಾಡಿದೆ, ಎಲ್ಲಾ ಒಂದೇ ಮೇಡಂ ಅಂದರು. ಒಂದೇ ಅಲ್ಲ ಅಂತ ಈಗ ಗೊತ್ತಾಯಿತು. ಮನೆಯಲ್ಲೇ ಕಂಡುಹಿಡಿಯುವ ದಾರಿ ಇದೆಯಾ?

ಭದ್ರಾವತಿ ಹಳೆ ಕೆಲಸಗಾರ
ಇದೆ. ಡಿಸ್ಟಿಲ್ಡ್ ವಾಟರ್ 200 ಮಿಲಿ, ಪುಡಿ 2 ಗ್ರಾಂ. ಮೊದಲು ಪುಡಿಯನ್ನು ಎರಡು ಚಮಚ ಗ್ಲಿಸರಿನ್‌ನಲ್ಲಿ ನೆನೆಸಿ ಗಂಧ ತೇಯ್ದ ಹಾಗೆ ಕಲಸಿಕೊಳ್ಳಿ. ಗಂಟು ಕಟ್ಟದಿರಲು ಇದೊಂದೇ ಉಪಾಯ ಸಾಕು. ಆಮೇಲೆ ತಣ್ಣೀರಿಗೆ ಹಾಕಿ, ಕಡೆಯುತ್ತಾ 80 ಡಿಗ್ರಿಯವರೆಗೆ ಕಾಯಿಸಿ. ಬಿಸಿ ಇರುವಾಗಲೇ ಎರಡು ಸ್ಟೀಲ್ ಲೋಟಕ್ಕೆ ಸಮನಾಗಿ ಹಾಕಿ. ಒಂದಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ಒಂದು ಚಿಟಿಕೆ, ಇನ್ನೊಂದಕ್ಕೆ ಕ್ಯಾಲ್ಸಿಯಂ ಕ್ಲೋರೈಡ್ ಒಂದು ಚಿಟಿಕೆ. ರಾತ್ರಿ ಬಿಡಿ.

ಪೊಟ್ಯಾಸಿಯಂ ಕ್ಲೋರೈಡ್ ಎಲ್ಲಿಂದ ತರಲಿ ಅಂತ ಕೇಳಬೇಡಿ. ಅಡಿಕೆ ತೋಟಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರ ಅದೇ ಉಪ್ಪು. ಪರೀಕ್ಷೆಗೆ ಅದು ನಡೆಯುತ್ತದೆ. ಆದರೆ ದಯವಿಟ್ಟು ಮುಖಕ್ಕೆ ಹಚ್ಚುವುದಕ್ಕೆ ಗೊಬ್ಬರ ಹಾಕಬೇಡಿ.

ಬೆಳಿಗ್ಗೆ ಚಮಚದಲ್ಲಿ ಒತ್ತಿ ನೋಡಿ. ಪೊಟ್ಯಾಷ್ ಲೋಟದ್ದು ಟಕ್ ಅಂತ ಒಡೆದರೆ ಕಪ್ಪಾ. ಕ್ಯಾಲ್ಸಿಯಂ ಲೋಟದ್ದು ಜಗ್ಗಿ ಮತ್ತೆ ಕೂಡಿಕೊಂಡರೆ ಅಯೋಟಾ.

ಮುರುಗಲು ಸಾಗರ
ಎಲ್ಲರೂ ಬೇಸರ ಮಾಡಿಕೊಳ್ಳಬೇಡಿ, ನನಗೆ ಒಂದು ಮಾತು ಹೇಳಬೇಕು. ನಮ್ಮ ಅಮ್ಮ, ಅಜ್ಜಿ ಎಲ್ಲಾ ದಾಸವಾಳದ ಸೊಪ್ಪು, ಮತ್ತಿ ಸೊಪ್ಪು ಕಿವುಚಿ ಗೊಂಪು ಮಾಡಿ ತಲೆಗೆ ಹಚ್ಚುತ್ತಿದ್ದರು. ಅದೂ ಜೆಲ್ಲೇ. ಹಿಮ್ಮಡಿ ಒಡೆದರೆ ಮುರುಗಲ (ಪುನರ್ಪುಳಿ) ಬೀಜದ ತುಪ್ಪ. ಯಾವುದಕ್ಕೂ ಕೆಡದಿರಲು ಅಂತ ಔಷಧಿ ಹಾಕುತ್ತಿರಲಿಲ್ಲ. ನೀವು ಸೋರ್ಬೇಟ್ ಹಾಕಿ ನೈಸರ್ಗಿಕ ಅಂತ ಕರೆಯುವುದು ನನಗೆ ಸರಿ ಕಾಣುವುದಿಲ್ಲ. ದೂರದ ಸಮುದ್ರದ ಪಾಚಿಗಿಂತ ಹಿತ್ತಲ ದಾಸವಾಳ ಏನು ಕಡಿಮೆ?

ಶಿವಮೊಗ್ಗ ಫಾರ್ಮಸಿ
ಅಕ್ಕ, ನಾನು ಬಿ.ಫಾರ್ಮಾ ಕೊನೆ ವರ್ಷ. ಗೊಂಪು ನನಗೂ ಇಷ್ಟ, ಭಾನುವಾರ ಅಮ್ಮ ಈಗಲೂ ಹಚ್ಚುತ್ತಾರೆ. ಆದರೆ ಒಂದು ಗಮನಿಸಿ. ಗೊಂಪು ಮಾಡಿ ಅರ್ಧ ಗಂಟೆಯಲ್ಲಿ ಹಚ್ಚಿ ತೊಳೆದುಬಿಡುತ್ತೇವೆ. ಉಳಿದದ್ದನ್ನು ತೆಂಗಿನ ಬುಡಕ್ಕೆ ಚೆಲ್ಲುತ್ತೇವೆ. ಅದಕ್ಕೇ ಕೆಡುವ ಪ್ರಶ್ನೆ ಬರಲಿಲ್ಲ. ಮುರುಗಲ ತುಪ್ಪದಲ್ಲಿ ನೀರೇ ಇಲ್ಲ, ಹಾಗಾಗಿ ಅದರಲ್ಲಿ ಬೂಷ್ಟು ಬೆಳೆಯುವುದಿಲ್ಲ. ನೀರು ತುಂಬಿದ ಜೆಲ್ಲನ್ನು ಬಾಟಲಿಯಲ್ಲಿ ತಿಂಗಳುಗಟ್ಟಲೆ ಇಟ್ಟು, ದಿನಾ ಬೆರಳು ಅದ್ದುವುದು ಬೇರೆಯೇ ವಿಷಯ. ಪಾಚಿಯ ಜೆಲ್ ಅಂದರೆ ನೀರು ಹಿಡಿದಿಟ್ಟ ಸಕ್ಕರೆಯ ಸರಪಳಿ. ನಮ್ಮ ಲ್ಯಾಬ್‌ನಲ್ಲಿ ಬ್ಯಾಕ್ಟೀರಿಯಾ, ಬೂಷ್ಟು ಬೆಳೆಸುವುದೇ ಅಗಾರ್ ತಟ್ಟೆಯ ಮೇಲೆ. ಅದರ ಮೇಲೆ ಲೋಳೆಸರದ ರಸ ಸೇರಿದರೆ ಅವಕ್ಕೆ ಊಟ ಬಡಿಸಿಟ್ಟ ಹಾಗೆ.

ಕಣ್ಣಿಗೆ ಕಾಣುವ ಬೂಷ್ಟಿಗಿಂತ ಕಾಣದ ಬ್ಯಾಕ್ಟೀರಿಯಾ ಜಾಸ್ತಿ ಅಪಾಯ. ಕಣ್ಣಿನ ಹತ್ತಿರ ಹಚ್ಚಿಕೊಳ್ಳುವವರು ಇರುತ್ತಾರೆ. ಇದರಲ್ಲಿ ರಾಜಿ ಬೇಡ.

ಹೊಸನಗರದ ಅಕ್ಕ, ನಿಮ್ಮ ಸೋರ್ಬೇಟ್ ಯಾಕೆ ಕೆಲಸ ಮಾಡಲಿಲ್ಲ ಅಂದರೆ, ಪಿಎಚ್ (ಹುಳಿಯ ಅಳತೆ, ಕಡಿಮೆ ಇದ್ದಷ್ಟೂ ಹುಳಿ ಜಾಸ್ತಿ) 5ರ ಆಸುಪಾಸು ಅಥವಾ ಅದಕ್ಕಿಂತ ಕೆಳಗೆ ಇದ್ದರೆ ಮಾತ್ರ ಅದಕ್ಕೆ ಬಲ. ಪಿಎಚ್ ನೋಡಿದ್ದೀರಾ? ಆದರೆ ಹುಳಿ ಜಾಸ್ತಿ ಮಾಡಿ ಬಿಸಿ ಮಾಡಿದರೆ ಕ್ಯಾರಗೀನಾನ್ ಸರಪಳಿಯೇ ತುಂಡಾಗುತ್ತದೆ, ಜೆಲ್ ನೀರಾಗುತ್ತದೆ. ಹಾಗಾಗಿ ಸಿಟ್ರಿಕ್ ಆಮ್ಲವನ್ನು ಒಲೆಯಿಂದ ಇಳಿಸಿದ ಮೇಲೆ, ಗಟ್ಟಿಯಾಗುವ ಮುಂಚೆ ಸ್ವಲ್ಪ ಸ್ವಲ್ಪವೇ ಹಾಕಬೇಕು. ಸೋರ್ಬೇಟ್ ಬದಲು, ಕೆಡದಿರಲು ಫಿನಾಕ್ಸಿಎಥನಾಲ್ ಮತ್ತು ಎಥಿಲ್‌ಹೆಕ್ಸಿಲ್‌ಗ್ಲಿಸರಿನ್ ಜೋಡಿ ಸಿಗುತ್ತದೆ. ಅದಕ್ಕೆ ಪಿಎಚ್ ಕಾಟ ಅಷ್ಟಿಲ್ಲ, ಪೊಟ್ಯಾಸಿಯಂ ಕೂಡ ಸೇರುವುದಿಲ್ಲ. ಫಿನಾಕ್ಸಿಎಥನಾಲ್ 1% ದಾಟಬಾರದು.

ಮುರುಗಲು ಸಾಗರ
ತಮ್ಮಾ, ಗೊಂಪು ಅವತ್ತೇ ಮಾಡಿ ಅವತ್ತೇ ಮುಗಿಸುತ್ತಿದ್ದರು ಅನ್ನುವುದು ನಿಜ. ನಾನು ಅದನ್ನು ಯೋಚಿಸಿರಲಿಲ್ಲ. ಒಪ್ಪಿದೆ. ಆದರೆ ಇನ್ನೊಂದು ಭಯ ಇದೆ. ಕ್ಯಾರಗೀನಾನ್ ಕ್ಯಾನ್ಸರ್ ತರುತ್ತದೆ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು.

ಶಿವಮೊಗ್ಗ ಫಾರ್ಮಸಿ
ಅದರಲ್ಲಿ ಎರಡು ವಸ್ತು ಕಲಸಿಹೋಗಿವೆ ಅಕ್ಕ. ಕ್ಯಾರಗೀನಾನ್‌ನ್ನು ಜೋರಾದ ಆಮ್ಲದಲ್ಲಿ ತುಂಬಾ ಹೊತ್ತು ಕಾಯಿಸಿ ತುಂಡು ತುಂಡು ಮಾಡಿದರೆ ಪಾಲಿಜೀನಾನ್ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಅದನ್ನು 2ಬಿ ಗುಂಪಿಗೆ, ಅಂದರೆ ಕ್ಯಾನ್ಸರ್ ತರಬಹುದಾದ ಗುಂಪಿಗೆ ಸೇರಿಸಿದೆ. ಮಾಮೂಲಿ ಕ್ಯಾರಗೀನಾನ್ 3ನೇ ಗುಂಪಿನಲ್ಲಿದೆ, ಅಂದರೆ ಹೌದು ಎನ್ನುವಷ್ಟು ಆಧಾರ ಇಲ್ಲ.

ಪ್ರಾಣಿಗಳ ಪ್ರಯೋಗದಲ್ಲಿ ಇಲಿಯ ಪಾದಕ್ಕೆ ಕ್ಯಾರಗೀನಾನ್ ಚುಚ್ಚಿ ಊತ ಬರಿಸಿ, ಊತ ಇಳಿಸುವ ಔಷಧಿ ಪರೀಕ್ಷಿಸುವುದೂ ನಿಜ. ಆದರೆ ಅದು ಚರ್ಮದ ಒಳಗೆ ಸೂಜಿಯಿಂದ ಕೊಟ್ಟದ್ದು. ಇದು ದೊಡ್ಡ ಅಣು, ಸರಿಯಿರುವ ಚರ್ಮದ ಮೇಲೆ ಪೊರೆಯಾಗಿ ಕೂರುತ್ತದೆ, ಒಳಗೆ ಇಳಿಯುವುದಿಲ್ಲ. ಟೂತ್‌ಪೇಸ್ಟ್‌ಗೂ ಇದನ್ನು ಹಾಕುತ್ತಾರೆ. ಗಾಯ, ಬಿರುಕು ಇರುವ ಜಾಗಕ್ಕೆ ಮಾತ್ರ ಮನೆಯಲ್ಲಿ ಮಾಡಿದ ಯಾವ ಜೆಲ್ಲನ್ನೂ ಹಚ್ಚಬೇಡಿ.

ಕಡಲಂಚು ಭಟ್ಕಳ
ನಾನು ಮೂಲತಃ ನಿಟ್ಟೂರಿನವನು, ಈಗ ಭಟ್ಕಳದಲ್ಲಿದ್ದೇನೆ. ಇಲ್ಲಿ ಇಳಿತ ಇದ್ದಾಗ ಬಂಡೆಗಳ ಮೇಲೆ ಕಂದು, ಹಸಿರು, ಕೆಂಪು ಪಾಚಿ ಬೇಕಾದಷ್ಟು ಕಾಣುತ್ತದೆ. ಚೀಲ ತುಂಬಿ ಘಟ್ಟ ಹತ್ತಿಸಿ ಕೊಡಬಹುದು. ನಮ್ಮವರೇ ಸಂಸ್ಕರಣೆ ಮಾಡಿದರೆ ಒಳ್ಳೆಯದಲ್ವಾ?

ಭದ್ರಾವತಿ ಹಳೆ ಕೆಲಸಗಾರ
ನಿಮ್ಮ ಉತ್ಸಾಹ ಖುಷಿ ಕೊಟ್ಟಿತು. ಆದರೆ ಕೆಲಸ ಹೇಗೆ ನಡೆಯುತ್ತದೆ ಅಂತ ಹೇಳಿದರೆ ನೀವೇ ತೀರ್ಮಾನಿಸಬಹುದು.

ರಾಮನಾಥಪುರದ ಮಂಡಪಂ ಕಡೆ ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲದ ಬಿದಿರಿನ ತೆಪ್ಪ ಕಟ್ಟುತ್ತಾರೆ. ಅದಕ್ಕೆ ಅಡ್ಡ ಹಗ್ಗ, ಹಗ್ಗಕ್ಕೆ ಕಪ್ಪಾಫೈಕಸ್ ತುಂಡುಗಳು. ಸುಮಾರು 45 ದಿನಕ್ಕೆ ಕೊಯ್ಲು. ಈ ಕೆಲಸದಲ್ಲಿ ಹೆಂಗಸರೇ ಜಾಸ್ತಿ. ಭಾವನಗರದ ಕೇಂದ್ರೀಯ ಉಪ್ಪು ಮತ್ತು ಸಾಗರ ರಾಸಾಯನಿಕ ಸಂಶೋಧನಾ ಸಂಸ್ಥೆಗೆ ಮಂಡಪಂನಲ್ಲಿ ಕೇಂದ್ರ ಇದೆ. ಹಸಿ ಪಾಚಿಯನ್ನು ಅರೆದು ರಸವನ್ನು ಬೆಳೆಗೆ ಸಿಂಪಡಿಸಲು, ಉಳಿದ ಚರಟವನ್ನು ಕ್ಯಾರಗೀನಾನ್‌ಗೆ ಬಳಸುವ ದಾರಿ ಅವರದ್ದೇ. ನಮ್ಮ ತೋಟಗಳಿಗೆ ಬರುವ ಸಮುದ್ರ ಪಾಚಿ ದ್ರವ ನೋಡಿರುತ್ತೀರಿ, ಅದೂ ಇಂಥದ್ದೇ ಸಂಸಾರ.

ಇನ್ನು ಬೇಯಿಸುವುದು. ಒಣಗಿದ ಪಾಚಿಯಲ್ಲಿ ಮರಳು, ಚಿಪ್ಪು, ಹಗ್ಗದ ಎಳೆ ಎಲ್ಲಾ ಇರುತ್ತದೆ. ಆರಿಸಿ ತೊಳೆದ ಮೇಲೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ 75-80 ಡಿಗ್ರಿಯಲ್ಲಿ ಎರಡು ತಾಸಿನಷ್ಟು ಬೇಯಿಸುತ್ತೇವೆ. ಇಲ್ಲಿ ಒಂದು ಚಂದದ ಸಂಗತಿ ಇದೆ. ಬಿಸಿನೀರಿನಲ್ಲಿ ಕರಗಬೇಕಾದ ಕ್ಯಾರಗೀನಾನ್ ಇಲ್ಲಿ ಕರಗುವುದಿಲ್ಲ. ಸುತ್ತಲೂ ಪೊಟ್ಯಾಸಿಯಂ ಇರುವುದರಿಂದ ಪಾಚಿಯ ಒಳಗೇ ಜೆಲ್ ಆಗಿ ಕೂತಿರುತ್ತದೆ. ಬಣ್ಣ, ಉಪ್ಪು, ಪ್ರೋಟೀನ್ ಮಾತ್ರ ಹೊರಗೆ ಬರುತ್ತದೆ. ಕ್ಷಾರ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಸರಪಳಿಯಲ್ಲಿ ಅಂಕುಡೊಂಕು ತರುವ ಕೆಲವು ಸಲ್ಫೇಟ್ ಗುಂಪುಗಳು ಬಿಟ್ಟುಹೋಗುತ್ತವೆ, ಸರಪಳಿ ನೆಟ್ಟಗಾಗಿ ಜೆಲ್‌ಗೆ ಬಲ ಬರುತ್ತದೆ. ತೊಟ್ಟಿಯಿಂದ ತೆಗೆದಾಗ ಪಾಚಿ ಆಕಾರ ಹಾಗೇ ಇರುತ್ತದೆ, ಬಣ್ಣ ಮಾತ್ರ ಮಾಸಲು ಹಳದಿ. ಹಿಚುಕಿದರೆ ಬೆಂದ ಹಲಸಿನ ತೊಳೆಯಷ್ಟು ಬಿಗಿ.

ಅದನ್ನು ತೊಳೆದು, ಒಣಗಿಸಿ, ಪುಡಿ ಮಾಡಿದರೆ ಅರೆಶುದ್ಧ ಕ್ಯಾರಗೀನಾನ್. ಅದರಲ್ಲಿ ಪಾಚಿಯ ನಾರು ಉಳಿದಿರುತ್ತದೆ, ಜೆಲ್ ಮಬ್ಬಾಗಿ ಬರುತ್ತದೆ. ಕನ್ನಡಿಯಂಥ ಜೆಲ್ ಬೇಕಾದರೆ ಮತ್ತೆ ಬಿಸಿನೀರಿನಲ್ಲಿ ಕರಗಿಸಿ, ಒತ್ತಡದಲ್ಲಿ ಸೋಸಿ, ಆಲ್ಕೋಹಾಲ್‌ನಲ್ಲಿ ಬೇರ್ಪಡಿಸಬೇಕು, ಇಲ್ಲವೇ ಪೊಟ್ಯಾಸಿಯಂ ಕ್ಲೋರೈಡ್‌ನಲ್ಲಿ ಜೆಲ್ ಮಾಡಿ ಹಿಂಡಬೇಕು. ಅಗಾರ್ ಆದರೆ ಹೆಪ್ಪುಗಟ್ಟಿಸಿ ಕರಗಿಸುತ್ತಾರೆ, ನೀರಿನ ಜೊತೆ ಕೊಳೆಯೂ ಇಳಿದುಹೋಗುತ್ತದೆ.

ಈ ಕ್ಷಾರ ಕಣ್ಣಿಗೆ ಬಿದ್ದರೆ ದೃಷ್ಟಿ ಹೋಗುತ್ತದೆ. ಅಲ್ಯೂಮಿನಿಯಂ ಪಾತ್ರೆಗೆ ಹಾಕಿದರೆ ಪಾತ್ರೆಯನ್ನೇ ತಿಂದು ಹೈಡ್ರೋಜನ್ ಅನಿಲ ಬಿಡುತ್ತದೆ, ಒಲೆಯ ಪಕ್ಕ ಅದು ಬೆಂಕಿ. ತೊಳೆದ ನೀರನ್ನು ಹಳ್ಳಕ್ಕೆ ಬಿಡುವ ಹಾಗಿಲ್ಲ. ನಮ್ಮ ಕಡೆಯ ಹಳ್ಳಗಳಲ್ಲಿ ಹೆಚ್ಚಿನವು ಕೊನೆಗೆ ತುಂಗಭದ್ರೆಗೋ ಶರಾವತಿಗೋ ಸೇರುತ್ತವೆ, ಅದೇ ನೀರು ಕುಡಿಯುತ್ತೇವೆ. ಮನೆಯಲ್ಲಿ ಈ ಕೆಲಸ ಖಂಡಿತ ಬೇಡ. ಅಲ್ಲದೆ ಬಂಡೆಯ ಪಾಚಿ ಕಿತ್ತರೆ ಮೀನು ಮರಿಗಳ ಮನೆ ಕಿತ್ತ ಹಾಗೆ. ಅದು ಯಾವ ನೀರು ಕುಡಿದು ಬೆಳೆದಿದೆಯೋ ಗೊತ್ತಿಲ್ಲ. ಕಂದು ಪಾಚಿ ಆರ್ಸೆನಿಕ್ ಹೀರಿಟ್ಟುಕೊಳ್ಳುತ್ತದೆ. ಪುಡಿಯನ್ನು ಕೊಂಡುಕೊಳ್ಳಿ. ಕೊಳ್ಳುವಾಗ ಬ್ಯಾಚ್‌ನ ವಿಶ್ಲೇಷಣಾ ಪತ್ರ ಕೇಳಿ, ಬಗೆ, ಜೆಲ್ ಬಲ, ಸೀಸ, ಆರ್ಸೆನಿಕ್, ಸೂಕ್ಷ್ಮಜೀವಿಗಳ ಎಣಿಕೆ ಎಲ್ಲಾ ಅದರಲ್ಲಿ ಇರಬೇಕು. ಕೊಡದವರ ಹತ್ತಿರ ತರಬೇಡಿ.

ಕಡಲಂಚು ಭಟ್ಕಳ
ಮೀನಿನ ಮರಿ ವಿಚಾರ ನನ್ನ ತಲೆಗೆ ಬಂದಿರಲಿಲ್ಲ ಸರ್. ಬಿಟ್ಟೆ. ಇಲ್ಲಿ ಜಾಸ್ತಿ ಕಾಣುವುದು ಸರ್ಗಾಸಂ ಎಂಬ ಕಂದು ಪಾಚಿ ಅಂತ ಒಬ್ಬರು ಹೇಳಿದರು. ಅದರಿಂದ ಏನು ಬರುತ್ತದೆ?

ಶಿವಮೊಗ್ಗ ಫಾರ್ಮಸಿ
ಆಲ್ಜಿನೇಟ್. ಇದು ಹೊಸನಗರದ ಅಕ್ಕನಿಗೆ ಉಪಯೋಗ ಆಗಬಹುದು. ಸೋಡಿಯಂ ಆಲ್ಜಿನೇಟ್ ತಣ್ಣೀರಿನಲ್ಲೇ ಕರಗುತ್ತದೆ, ಕ್ಯಾಲ್ಸಿಯಂ ಸಿಕ್ಕ ಕೂಡಲೇ ಗಟ್ಟಿಯಾಗುತ್ತದೆ, ಒಲೆಯೇ ಬೇಡ. ಪಾರ್ಲರ್‌ಗಳಲ್ಲಿ ಮುಖಕ್ಕೆ ಮೆತ್ತಿ ರಬ್ಬರ್ ಹಾಳೆಯ ತರಹ ಎಬ್ಬಿಸುತ್ತಾರಲ್ಲ, ಆ ಮಾಸ್ಕ್ ಇದೇ. ಆಲ್ಜಿನೇಟ್ ಪುಡಿ, ಕ್ಯಾಲ್ಸಿಯಂ ಸಲ್ಫೇಟ್, ಗಟ್ಟಿಯಾಗುವುದನ್ನು ಸ್ವಲ್ಪ ತಡೆಯಲು ಒಂದು ಫಾಸ್ಫೇಟ್. ಮೂರೂ ಒಣ ಪುಡಿ. ನೀರು ಬೆರೆಸುವವರೆಗೆ ಅದರಲ್ಲಿ ಏನೂ ಬೆಳೆಯುವುದಿಲ್ಲ. ಮಳೆಗಾಲಕ್ಕೆ ಜೆಲ್‌ಗಿಂತ ಇದು ವಾಸಿ. ಗಾಳಿಯ ತೇವಕ್ಕೆ ಮುದ್ದೆಯಾಗದ ಹಾಗೆ ಒಂದು ಸಲಕ್ಕೆ ಆಗುವಷ್ಟನ್ನೇ ಸಣ್ಣ ಪೊಟ್ಟಣದಲ್ಲಿ ಸೀಲ್ ಮಾಡಬೇಕು.

ಮಾರುವ ಮಾತು ಬಂದರೆ, 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳ ಲೈಸೆನ್ಸ್ ಬೇಕು. ಸಣ್ಣ ಸಂಘ ಅಂತ ಬಿಡುವುದಿಲ್ಲ. ಲೈಸೆನ್ಸ್ ಇರುವ ಬೇರೆಯವರ ಘಟಕದಲ್ಲಿ ಮಾಡಿಸುವ ಲೋನ್ ಲೈಸೆನ್ಸ್ ದಾರಿಯೂ ಇದೆ.

ಲೋಳೆಸರ ಹೊಸನಗರ
ಐದು ವಾರ ಆಯಿತು, ವರದಿ ಕೊಡುತ್ತಿದ್ದೇನೆ.

ಎರಡು ಲೋಟದ ಪರೀಕ್ಷೆ ಮಾಡಿದೆವು. ಪೊಟ್ಯಾಷ್ ಲೋಟದ್ದು ಚಮಚ ತಾಗಿಸಿದ ಕೂಡಲೇ ಒಡೆಯಿತು. ಕಪ್ಪಾನೇ. ಭದ್ರಾವತಿ ಸರ್ ಹೇಳಿದ ಹಾಗೆ ವಿಶ್ಲೇಷಣಾ ಪತ್ರ ಕೊಡುವವರನ್ನು ಹುಡುಕಿ ಅಯೋಟಾ ತರಿಸಿದೆವು, ಶುದ್ಧ ಮಾಡಿದ್ದು. ಪತ್ರದಲ್ಲಿ ಸೀಸ, ಆರ್ಸೆನಿಕ್ ಎಲ್ಲಾ ಬರೆದಿತ್ತು.

ಈ ಸಲ ಡಿಸ್ಟಿಲ್ಡ್ ವಾಟರ್ ಜಾಸ್ತಿ, ಲೋಳೆಸರ ಕಾಲು ಭಾಗ ಮಾತ್ರ. ಅಯೋಟಾ ನೂರಕ್ಕೆ 0.9, ಮೊದಲೇ ಗ್ಲಿಸರಿನ್‌ನಲ್ಲಿ ಕಲಸಿದ್ದು. ಒಂದೂ ಗಂಟು ಬರಲಿಲ್ಲ. ಸೋರ್ಬೇಟ್ ಬಿಟ್ಟು ಫಿನಾಕ್ಸಿಎಥನಾಲ್ ಜೋಡಿ ಹಾಕಿದೆವು. ಪಿಎಚ್ ಪಟ್ಟಿಯಲ್ಲಿ 5ರ ಹತ್ತಿರ ತಂದೆವು. ಬಾಟಲಿಗಳನ್ನು ಕುದಿಸಿ, ಒಣಗಿಸಿ, ಅಗಲ ಬಾಯಿಯ ಡಬ್ಬಿ ಬಿಟ್ಟು ಪಂಪ್ ಬಾಟಲಿ ತೆಗೆದುಕೊಂಡೆವು, ಬೆರಳು ಅದ್ದುವ ಮಾತೇ ಇಲ್ಲ.

ಲೋಟದಲ್ಲಿ ಉಳಿಸಿದ ಜೆಲ್‌ಗೆ ಬೆರಳಿಟ್ಟರೆ ಗುಳಿ ಬೀಳುತ್ತದೆ, ನೋಡನೋಡುತ್ತಾ ಗುಳಿ ತುಂಬಿಕೊಳ್ಳುತ್ತದೆ. ನಮ್ಮ ಸಂಘದ ಹಿರಿಯರೊಬ್ಬರು ಅದನ್ನೇ ನಾಲ್ಕು ಸಲ ಮಾಡಿ ನೋಡಿದರು. ಇಪ್ಪತ್ತನೇ ದಿನವೂ ಮೇಲೆ ನೀರಿಲ್ಲ. ಮುಚ್ಚಳದ ಒಳಗೆ ಚುಕ್ಕೆ ಇಲ್ಲ.

ಶಿವಮೊಗ್ಗ ಫಾರ್ಮಸಿ
ಅಕ್ಕ, ತುಂಬಾ ಸಂತೋಷ! ಆದರೂ ಕಣ್ಣಿಗೆ ಕಾಣಲಿಲ್ಲ ಅಂದ ಮಾತ್ರಕ್ಕೆ ಕೆಟ್ಟಿಲ್ಲ ಅಂತಲ್ಲ. ಲ್ಯಾಬ್‌ನಲ್ಲಿ ಸೂಕ್ಷ್ಮಜೀವಿ ಎಣಿಕೆ, ಚಾಲೆಂಜ್ ಟೆಸ್ಟ್ ಎರಡೂ ಮಾಡಿಸಿ. ಚಾಲೆಂಜ್ ಟೆಸ್ಟ್ ಅಂದರೆ ಬೇಕೆಂದೇ ಬ್ಯಾಕ್ಟೀರಿಯಾ, ಬೂಷ್ಟು ಸೇರಿಸಿ ಜೆಲ್ ಅವನ್ನು ಕೊಲ್ಲುತ್ತದೆಯಾ ಅಂತ 28 ದಿನ ನೋಡುವುದು.

ಮುರುಗಲು ಸಾಗರ
ಹೊಸನಗರದವರೇ, ಕೆಡದಿರಲು ಹಾಕುವ ಔಷಧಿ ಬಗ್ಗೆ ನಾನು ಸ್ವಲ್ಪ ಒರಟಾಗಿ ಬರೆದಿದ್ದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನಮ್ಮ ಮನೆಯಲ್ಲಿ ಈ ವರ್ಷದ ಮುರುಗಲ ಬೀಜ ಒಣಗಿಸಿಟ್ಟಿದ್ದೇವೆ. ತುಪ್ಪ ತೆಗೆದಾಗ ನಿಮ್ಮ ಸಂಘಕ್ಕೆ ಒಂದು ಉಂಡೆ ಕಳಿಸುತ್ತೇನೆ. ಅದು ಜೆಲ್‌ಗೆ ಸೇರುತ್ತದಾ?

ಲೋಳೆಸರ ಹೊಸನಗರ
ಖಂಡಿತ ಕಳಿಸಿ ಅಕ್ಕ. ತುಪ್ಪ ನೀರಿಗೆ ಹಾಗೇ ಸೇರುವುದಿಲ್ಲ, ಎರಡನ್ನೂ ಕೂಡಿಸಲು ಬೇರೆ ಮೇಣ ಬೇಕು ಅಂತ ಫಾರ್ಮಸಿ ತಮ್ಮ ಹೇಳಿದ್ದಾನೆ. ಅದಕ್ಕೆ ಹೊಸ ಚರ್ಚೆ ಶುರು ಮಾಡುತ್ತೇನೆ. ಲ್ಯಾಬ್‌ಗೆ ಕೊಡಲು ಮೂರು ಬಾಟಲಿ ಸೀಲ್ ಮಾಡಿ ಇಟ್ಟಿದ್ದೇವೆ, ಸೋಮವಾರ ಶಿವಮೊಗ್ಗ ಬಸ್ಸಿಗೆ ನಾನೇ ತೆಗೆದುಕೊಂಡು ಹೋಗುತ್ತೇನೆ. ಆಲ್ಜಿನೇಟ್ ಪುಡಿಯೂ 100 ಗ್ರಾಂ ತರಿಸಿದ್ದೇವೆ. ಬೋರ್‌ವೆಲ್ ನೀರಿನಲ್ಲಿ ಕಲಸಿದರೆ ಗಂಟು ಕಟ್ಟುತ್ತದೆಯಾ ಸರ್?

ಭದ್ರಾವತಿ ಹಳೆ ಕೆಲಸಗಾರ
ಕಟ್ಟುತ್ತದೆ. ಆ ನೀರಿನ ಕ್ಯಾಲ್ಸಿಯಂ ಪುಡಿಯ ಹೊರಮೈಯನ್ನು ಮೊದಲೇ ಬಿಗಿದು ಒಳಗೆ ನೀರು ಹೋಗಲು ಬಿಡುವುದಿಲ್ಲ. ಅಬ್ಬಿ ನೀರನ್ನು ಕಾಯಿಸಿ ಆರಿಸಿಕೊಳ್ಳಿ, ಪರೀಕ್ಷೆಗೆ ಅದು ಸಾಕು. ಪೊಟ್ಟಣದ ಮೇಲೂ ಬರೆಯಿರಿ, ಕಲಸಲು ಡಿಸ್ಟಿಲ್ಡ್ ವಾಟರ್ ಬಳಸಿ ಅಂತ.